ಮೂರನೆಯ ಮಣಿಯ ಗೆರೆ

"ಇನ್ನೊಂದ್ ಕಿತ ತುಳೀಲಾ, ಐನೋರೆ?" ಎಂದು ಸೊಣ್ಣಮ್ಮ ಕೇಳಿದಾಗ ಅವಳ ಹಿಮ್ಮಡಿ ಇನ್ನೂ ಬದರೀನಾಥನ ಸೊಂಟದ ಮೇಲೆಯೇ ಇತ್ತು.

ಅವನು ಬೋರಲಾಗಿ ಮಲಗಿದ್ದ. ಮೂಗು ಚಾಪೆಗೆ ಒತ್ತಿಕೊಂಡಿತ್ತು.

"ಇಲ್ಲಾ?"

"ಸ್ವಲ್ಪ ಕೆಳಗೆ."

"ಇಲ್ಲಾ?"

"ಅಲ್ಲ."

"ನೀವ್ ಏಳಿದ ಕಡೀಕೆಲ್ಲಾ ತುಳೀತಾ ಓದ್ರೆ ನಾನ್ ಎಮ್ಮೆ ಕರ್ಯೋದ್ ಯಾವಾಗ?"

ಸೊಣ್ಣಮ್ಮ ಹಾಲಿನವಳು. ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಹುಟ್ಟಿದವಳು. ಅಂಥವರು ಮೂರು ಮಂಗಳವಾರ ತುಳಿದರೆ ಹಿಡಿದ ಸೊಂಟ ಬಿಡುತ್ತದೆಂದು ಮತ್ತಿಕೆರೆಯಲ್ಲಿ ಎಲ್ಲರಿಗೂ ಗೊತ್ತು. ಬಾಡಿಗೆಗೆ ಬಂದು ಒಂಬತ್ತು ವರ್ಷವಾದ ಅವನ ಹೆಂಡತಿ ಸತ್ಯವತಿಗೂ ಅದು ಗೊತ್ತಾಗಿತ್ತು. ಅವಳೇ ಕರೆಸಿದ್ದು. ಇವತ್ತು ಮೂರನೆಯ ಮಂಗಳವಾರ.

ಸೊಣ್ಣಮ್ಮ ಕೆಳಗಿಳಿದು ಸೆರಗು ಕೊಡವಿದಳು. "ಇದಕ್ಕೂ ಬಗ್ಗಲಿಲ್ಲ ಅಂದ್ರೆ ಇದು ಸೊಂಟದ ನೋವಲ್ಲ ಬುಡಿ, ಅಮ್ಮೋರೆ" ಎಂದಳು. ಹೇಳಿದ್ದು ಬಾಗಿಲಲ್ಲಿ ನಿಂತಿದ್ದ ಸತ್ಯವತಿಗೆ, ಅವನಿಗಲ್ಲ.

"ಮತ್ತೇನು?"

"ಗಂಡಸ್ರಿಗೆ ಒಂದೊಂದ್ ಕಿತ ಇಂಗಾಯ್ತದೆ. ಕೆಲ್ಸಕ್ಕೆ ಓಗಕ್ ಮನಸ್ ಬರಲ್ಲ, ಸೊಂಟದ್ ಮ್ಯಾಲೆ ಆಕ್ತಾರೆ."

ಸತ್ಯವತಿ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು.

ಬದರೀನಾಥ ಗೋಡೆ ಹಿಡಿದು ಎದ್ದ. ಬೆನ್ನಿನ ಬುಡದಲ್ಲಿ ಯಾರೋ ಕಾದ ಮೊಳೆಯನ್ನು ಅರ್ಧ ಹೊಡೆದು ಮಿಕ್ಕಿದ್ದನ್ನು ನಾಳೆಗೆ ಇಟ್ಟ ಹಾಗೆ ಇತ್ತು. ಹದಿನಾಲ್ಕು ತಿಂಗಳಿಂದ ಹಾಗೆಯೇ ಇತ್ತು. ಹೇಳಿ ಹೇಳಿ ಆ ಮಾತು ಅವನ ಬಾಯಲ್ಲೇ ಸವೆದುಹೋಗಿತ್ತು.

"ಇವತ್ತು ಡಾಕ್ಟರಿಗೆ ಎಕ್ಸ್‌ರೇ ತೋರಿಸಬೇಕಲ್ಲ? ರಿಪೋರ್ಟ್ ಬಂತೇನ್ರೀ?"

"ಬಂದಿಲ್ಲ."

ಬಂದಿತ್ತು. ಶನಿವಾರವೇ ಸಿಟಿಯ ಆಸ್ಪತ್ರೆಯಲ್ಲಿ ಕಂದು ಬಣ್ಣದ ಲಕೋಟೆಯಲ್ಲಿ ಫಿಲ್ಮಿನ ಜೊತೆಗೇ ಕೊಟ್ಟಿದ್ದರು. ಬಸ್ಸಿನಲ್ಲಿ ನಿಂತುಕೊಂಡೇ ಓದಿದ್ದ. ಇಂಗ್ಲಿಷಿನಲ್ಲಿ ಒಂದೇ ಸಾಲು: ಬೆನ್ನುಮೂಳೆಯಲ್ಲಿ ಅಸಹಜವಾದದ್ದೇನೂ ಕಂಡುಬರುವುದಿಲ್ಲ. ಬೇರೆಯವರು ಇಂಥ ಸಾಲು ಓದಿ ದೇವರಿಗೆ ಕಾಯಿ ಒಡೆಸುತ್ತಾರೆ. ಅವನಿಗೆ ಕಾಲ ಕೆಳಗೆ ಬಸ್ಸೇ ಇಲ್ಲದ ಹಾಗಾಗಿತ್ತು.

ಯಶವಂತಪುರದ ಕಾರ್ಖಾನೆಯಲ್ಲಿ ಅವನು ಡ್ರಾಫ್ಟ್ಸ್‌ಮನ್. ದಿನಕ್ಕೆ ಎಂಟು ಗಂಟೆ ಬೋರ್ಡಿನ ಮುಂದೆ ಬಗ್ಗಿ ನಿಂತು ಗೆರೆ ಎಳೆಯಬೇಕು. ಕೂತು ಮಾಡುವ ಕೆಲಸ ಕೊಡಿ ಎಂದು ಮೂರು ಸಲ ಬರೆದುಕೊಟ್ಟಿದ್ದ. ವಿಭಾಗದ ಮುಖ್ಯಸ್ಥರು ಮೂರನೆಯ ಅರ್ಜಿಯನ್ನು ಎಲ್ಲರ ಎದುರಿಗೇ ಮಡಿಸಿದ್ದರು. "ನೋವು ನಂಗೂ ಇದೆ ಕಣ್ರೀ, ಎಲ್ಲರಿಗೂ ಇದೆ. ಮಂಗಳವಾರ ಡಾಕ್ಟರಿಗೆ ಫಿಲ್ಮ್ ತೋರಿಸಿ. ಅದರಲ್ಲಿ ಏನಾದ್ರೂ ಇದ್ರೆ ಕುರ್ಚಿ. ಇಲ್ದಿದ್ರೆ ಸುಳ್ಳು ಕಾಯಿಲೆ ಅಂತ ಮೆಮೊ."

ಎಲ್ಲರೂ ಬೋರ್ಡಿನ ಮೇಲೆ ಬಗ್ಗಿ ನಕ್ಕಿದ್ದರು. ಬಗ್ಗಲು ಅವರಿಗೆ ಕಷ್ಟವಿರಲಿಲ್ಲ.

ಸತ್ಯವತಿ ನೀರಿಗೆ ಹೋದಳು. ಬದರೀನಾಥ ಬೀರುವಿನ ಹಿಂದಿನಿಂದ ಲಕೋಟೆ ತೆಗೆದು ಫಿಲ್ಮನ್ನು ಕಿಟಕಿಗೆ ಹಿಡಿದ. ಕಪ್ಪಿನಲ್ಲಿ ಐದು ಬಿಳಿಯ ಮಣಿಗಳು, ಒಂದರ ಕೆಳಗೊಂದು. ಅಂತರ ಸರಿ, ಅಂಚು ಸರಿ. ಯಾರೋ ಆರೋಗ್ಯವಂತನ ಬೆನ್ನು. ಅವನ ಮೇಲೆ ಹೊಟ್ಟೆಕಿಚ್ಚಾಯಿತು. ಇವನಿಗೆ ಏನೂ ಆಗಿಲ್ಲವಾದರೆ ರಾತ್ರಿ ಮಗ್ಗುಲು ತಿರುಗಲಾರದೆ ಹಲ್ಲು ಕಚ್ಚುವವನು ಯಾರು?

ಹದಿನೇಳು ವರ್ಷದಲ್ಲಿ ಎಂಜಿನಿಯರುಗಳು ಮರೆತ ಎಷ್ಟೋ ಗೆರೆಗಳನ್ನು ಅವನೇ ತುಂಬಿದ್ದ. ಯಂತ್ರ ನಿಜವಾಗಿ ಇದೆ, ತೂತು ನಿಜವಾಗಿ ಇದೆ, ನಕ್ಷೆಯಲ್ಲಿ ಮಾತ್ರ ಬಿಟ್ಟುಹೋಗಿದೆ. ಎಳೆದು ಮುಗಿಸಿದರಾಯಿತು. ಅದನ್ನು ಯಾರೂ ಸುಳ್ಳು ಎಂದಿರಲಿಲ್ಲ, ಅನುಭವಸ್ಥ ಎಂದಿದ್ದರು.

ಅವನು ಡ್ರಾಯಿಂಗ್ ಇಂಕಿನ ಬಾಟಲಿ ತೆಗೆದ. ಕೂದಲೆಳೆಯ ನಿಬ್ಬು ಸಿಕ್ಕಿಸಿದ. ಸ್ಕೇಲು ಮುಟ್ಟಲಿಲ್ಲ, ಮೂಳೆ ಸ್ಕೇಲು ಇಟ್ಟುಕೊಂಡು ಒಡೆಯುವುದಿಲ್ಲ ಎಂಬಷ್ಟು ವಿವೇಕ ಇತ್ತು. ಕೆಲಸ ಕಲಿಯುವಾಗ ಸರ್ವೆ ನಕ್ಷೆಗಳಲ್ಲಿ ಹಳ್ಳಗಳನ್ನು ಎಳೆದಿದ್ದ. ಹಾಗೆ, ಮೂರನೆಯ ಮಣಿಯ ಮೇಲೆ, ಓರೆಯಾಗಿ, ನಡುವೆ ಒಂದು ಕಡೆ ಕವಲೊಡೆಸಿ ಎಳೆದ. ಉಸಿರು ಬಿಗಿಹಿಡಿದು ಎಳೆದ. ಹದಿನಾಲ್ಕು ತಿಂಗಳಲ್ಲಿ ಕೈ ಇಷ್ಟು ಸ್ಥಿರವಾಗಿ ನಿಂತಿರಲಿಲ್ಲ.

ಊದಿ ಒಣಗಿಸಿ ಮತ್ತೆ ಬೆಳಕಿಗೆ ಹಿಡಿದ. ನೋವು ಒಂದು ಕ್ಷಣ ಸರಿಯಾಗಿ ಆ ಗೆರೆಯ ಜಾಗಕ್ಕೇ ಬಂದು ನಿಂತಿತು.

ರಿಪೋರ್ಟನ್ನು ಬಚ್ಚಲ ಒಲೆಗೆ ಹಾಕಿದ.

*

ಕಾರ್ಖಾನೆಯ ಆಸ್ಪತ್ರೆಯ ಡಾಕ್ಟರ್ ಬೆಳ್ಳಿಯಪ್ಪ ಮಿಲಿಟರಿಯಿಂದ ಬಂದವರು. ಬರ್ಮಾದಲ್ಲಿ ದೀಪವಿಲ್ಲದೆ ಮೂಳೆ ಕೂಡಿಸಿದೆನೆಂದು ಹೇಳುತ್ತಿದ್ದರು. ಕೂಡಿಸಿದ್ದು ಸರಿಯಾಗಿತ್ತೇ ಎಂದು ಕೇಳಲು ಬರ್ಮಾದಿಂದ ಯಾರೂ ಬರುವಂತಿರಲಿಲ್ಲ.

"ರಿಪೋರ್ಟ್ ಎಲ್ಲಿ?"

"ಇನ್ನೂ ಕೊಟ್ಟಿಲ್ಲ ಸಾರ್. ವಾರ ಆಗುತ್ತಂತೆ."

"ರಿಪೋರ್ಟ್ ಇಲ್ದೆ ನಾನು ಬರೆಯೋ ಹಾಗಿಲ್ಲ."

ಫಿಲ್ಮನ್ನು ಕಿಟಕಿಗೆ ಹಿಡಿದರು. ಹಿಂದೆ ಸರಿದರು, ಹತ್ತಿರ ಬಂದರು. ಆಮೇಲೆ ಕೆಳಗಿನ ಬಲಮೂಲೆಯಲ್ಲಿ, ಹೆಸರು ಬರೆದು ಅಂಟಿಸಿದ್ದ ಬಿಳಿಯ ಚೀಟಿಯ ಮೇಲೆ ಬೆರಳಿಟ್ಟು ನಿಂತುಬಿಟ್ಟರು.

"ಬಿ.ಎನ್. ಯಾರ್ರೀ ಇದು?"

ಬದರೀನಾಥ ನೋಡಿದ. ಅವನದೇ ಅಕ್ಷರ. ಬಿ.ಎನ್., 21-11-61. ಗೆರೆ ಮುಗಿಸಿದ ಮೇಲೆ ಬಲಮೂಲೆಯಲ್ಲಿ ಹೆಸರಿನ ಮೊದಲಕ್ಷರ, ತಾರೀಖು. ಹದಿನೇಳು ವರ್ಷದಿಂದ ಕೈ ತಾನಾಗಿ ಮಾಡುತ್ತಿದ್ದ ಕೆಲಸ. ಬೆಳಿಗ್ಗೆಯೂ ಮಾಡಿತ್ತು. ಅವನಿಗೆ ಹೇಳಿರಲಿಲ್ಲ, ಅಷ್ಟೆ.

ಬೆವರು ಬೆನ್ನಿನಲ್ಲಿ ಇಳಿಯಿತು. ಅಚ್ಚರಿಯೆಂದರೆ ಒಳಗೆ ಹಗುರವಾಯಿತು. ಸಿಕ್ಕಿಬಿದ್ದೆ, ಮುಗಿಯಿತು. ಈಗ ಹೇಳಬಹುದು. ಸಾರ್, ಗೆರೆ ಸುಳ್ಳು, ನೋವು ನಿಜ.

"ಇವತ್ತಿನ ತಾರೀಖು," ಎಂದರು ಡಾಕ್ಟರ್. "ಅಂದ್ರೆ ಬೆಳಿಗ್ಗೆ ಸಿಟಿ ಆಸ್ಪತ್ರೆ ಡಾಕ್ಟರೇ ನೋಡಿ ಒಪ್ಪಿ ಸಹಿ ಹಾಕಿದಾರೆ. ಇನ್ನು ರಿಪೋರ್ಟ್ ಯಾಕೆ? ಇಲ್ ನೋಡಿ, ಮೂರನೇದು. ನಿಮ್ ಕಣ್ಣಿಗೂ ಕಾಣ್ತದಲ್ಲ?"

"ಕಾಣ್ತದೆ ಸಾರ್."

"ಯಾವಾಗ ಬಿದ್ರಿ?"

"ಬಿದ್ದ... ನೆನಪಿಲ್ಲ ಸಾರ್."

ಡಾಕ್ಟರು ಕನ್ನಡಕ ತೆಗೆದು ಅವನ ಮುಖವನ್ನು ನೋಡಿದರು. ಹದಿನಾಲ್ಕು ತಿಂಗಳಲ್ಲಿ ಯಾರೂ ಹಾಗೆ ನೋಡಿರಲಿಲ್ಲ. "ಮುರಿದ ಬೆನ್ನಿಟ್ಕೊಂಡು ಇಷ್ಟು ದಿನ ನಿಂತು ಕೆಲಸ ಮಾಡಿದ್ರಾ? ಪಾಪ."

ಆ ಒಂದು 'ಪಾಪ'ಕ್ಕೆ ಅವನ ಕಣ್ಣು ತುಂಬಿತು. ಗೆರೆ ಸುಳ್ಳೆಂಬ ಮಾತನ್ನು ಬಿಟ್ಟು ಕುರ್ಚಿಯ ಮಾತೆತ್ತಿದ.

"ಕುರ್ಚಿಗೆ ಬರೆದುಕೊಟ್ರೆ ಸಾಕು ಸಾರ್."

"ಕುರ್ಚಿ? ಬಸ್ಸು ಒಂದ್ಸಲ ಎಗರಿದ್ರೆ ಎರಡು ಕಾಲೂ ಹೋಗ್ತದೆ. ಪ್ಲಾಸ್ಟರು. ಎದೆಯಿಂದ ಸೊಂಟದವರೆಗೆ, ಮೂರು ತಿಂಗಳು. ಮುನಿಶಾಮಪ್ಪಾ, ಟೇಬಲ್ ಹಾಕು."

"ಸಾರ್, ಅದು..."

"ಹೆದರ್ಬೇಡಿ."

ಕಾಂಪೌಂಡರ್ ಮುನಿಶಾಮಪ್ಪ ಎರಡು ಟೇಬಲ್ಲುಗಳನ್ನು ಎರಡು ಮೊಳ ದೂರ ಇಟ್ಟ. ಒಂದರ ಮೇಲೆ ತೋಳು, ಇನ್ನೊಂದರ ಮೇಲೆ ತೊಡೆ. ನಡುವೆ ಬದರೀನಾಥನ ಹೊಟ್ಟೆ ಗಾಳಿಯಲ್ಲಿ ತೂಗಿತು. ಮೊದಲು ಬನೀನು, ಅದರ ಮೇಲೆ ಹತ್ತಿ, ಅದರ ಮೇಲೆ ನೀರು ಸುರಿಯುವ ಪ್ಲಾಸ್ಟರಿನ ಬಟ್ಟೆ, ಸುತ್ತು ಸುತ್ತಾಗಿ. ಮೊದಲು ತಣ್ಣಗೆ, ಆಮೇಲೆ ಜ್ವರ ಬಂದ ಮೈಯ ಹಾಗೆ ಬೆಚ್ಚಗೆ.

"ಅಲ್ಲಾಡ್ಬೇಡಿ ಸಾರ್," ಎಂದ ಮುನಿಶಾಮಪ್ಪ. "ಕಟ್ಟೋವಾಗ ಗೋಡೆ ಅಲ್ಲಾಡುತ್ತಾ?"

ಅವನು ಅಲ್ಲಾಡಲಿಲ್ಲ. ಇನ್ನು ಎರಡು ಸುತ್ತು ಮುಗಿಯುವ ಮೊದಲು ಹೇಳಬೇಕು ಎಂದುಕೊಂಡ. ಎರಡು ಸುತ್ತು ಮುಗಿಯಿತು. ಒಣಗುವ ಮೊದಲು ಹೇಳಿದರೂ ಆದೀತು ಎಂದುಕೊಂಡ. ಮುನಿಶಾಮಪ್ಪ ಅಂಗೈಯಿಂದ ಬೆನ್ನನ್ನು ಸವರಿ ಸವರಿ ನುಣುಪು ಮಾಡಿದ.

ಬಾಗಿಲ ಹತ್ತಿರ ಡ್ರಾಯಿಂಗ್ ವಿಭಾಗದವರು ಸೇರಿದ್ದರು. ಮುಖ್ಯಸ್ಥರೂ ಬಂದಿದ್ದರು. "ಮೊದಲೇ ಹೇಳಬಾರದಿತ್ತೇ, ಬದರೀನಾಥ್?" ಎಂದರು.

*

ಕಾರ್ಖಾನೆಯ ವ್ಯಾನಿನಲ್ಲೇ ಮನೆಗೆ ಕಳಿಸಿದರು. ಬೀದಿಯವರು ಎದ್ದು ನಿಂತು ದಾರಿ ಬಿಟ್ಟರು. ಇಬ್ಬರು ಅವನನ್ನು ಹಲಗೆಯಂತೆ ಹಿಡಿದು ಮಂಚಕ್ಕೆ ಒರಗಿಸಿದರು.

ಸತ್ಯವತಿ ಅವರು ಹೋಗುವವರೆಗೆ ತಡೆದುಕೊಂಡಿದ್ದು ಆಮೇಲೆ ಅತ್ತಳು. "ನಾನೂ ನಂಬಲಿಲ್ಲ ಕಣ್ರೀ. ಆ ಹೆಂಗಸಿನ ಕೈಲಿ ತುಳಿಸಿಬಿಟ್ಟೆ. ಮೂಳೆ ಮುರಿದೋರನ್ನ."

"ಅಳಬೇಡ."

"ನೀವು ಹೇಳ್ತಾನೇ ಇದ್ರಿ. ನಾನು ಅಡುಗೆ ಮನೇಲಿ ಬಾಯಿಗೆ ಬಂದಿದ್ದೆಲ್ಲಾ ಅಂದ್ಕೊಂಡೆ."

ಅವಳು ಅವನ ಎದೆಯ ಮೇಲೆ ಕೈಯಿಟ್ಟಳು. ಕೈ ಅಲ್ಲಿರುವುದು ಅವನಿಗೆ ಕಾಣಿಸಿತು, ತಿಳಿಯಲಿಲ್ಲ. ಹದಿನಾಲ್ಕು ತಿಂಗಳು ಕಾದದ್ದು ಇದಕ್ಕೇ, ಈ ಕೈಗೇ. ಅದು ಒಂದೂವರೆ ಬೆರಳಿನ ಗಾರೆಯಾಚೆ ನಿಂತಿತ್ತು.

"ಈಗ ನೋವು ಹೇಗಿದೆ?"

ನೋವು ಎಲ್ಲಿಗೂ ಹೋಗಿರಲಿಲ್ಲ. ಪ್ಲಾಸ್ಟರು ಕಟ್ಟುವಾಗ ಅದೂ ಜೊತೆಯಲ್ಲೇ ಒಳಗೆ ಸೇರಿಕೊಂಡಿತ್ತು. ಈಗ ಯಾರ ಹಿಮ್ಮಡಿಯೂ ಅದನ್ನು ಮುಟ್ಟುವಂತಿರಲಿಲ್ಲ.

"ಪರವಾಗಿಲ್ಲ," ಎಂದ.

ಅವಳು ದೀಪ ಹಚ್ಚಿ ಅವನಿಗೆ ತುತ್ತು ಮಾಡಿ ತಿನ್ನಿಸಿದಳು. ಅನ್ನ ಒಳಗಿಳಿದಂತೆ ಹೊಟ್ಟೆಗೆ ಜಾಗ ಸಾಲದೆ ಪ್ಲಾಸ್ಟರಿನ ಗೋಡೆಗೆ ಒತ್ತಿತು. ಅವಳು ತಟ್ಟೆ ಎತ್ತುವಾಗಲೇ ಬೆನ್ನಿನ ಮೇಲೆ ಸಣ್ಣಗೆ ಏನೋ ಹರಿಯಿತು. ನಿಂತಿತು. ಮತ್ತೆ ಹರಿಯಿತು.

"ಸತ್ಯಾ, ಒಳಗೆ ಇರುವೆ ಇದೆ."

"ಎಲ್ಲಿ?"

"ಒಳಗೆ. ಬೆನ್ನಿನ ಮೇಲೆ."

ಅವಳು ದೀಪ ತಂದು ಕತ್ತಿನ ಹತ್ತಿರ ಬಗ್ಗಿ ನೋಡಿದಳು. ಕೆಳಗಿನ ಅಂಚನ್ನೂ ನೋಡಿದಳು. ಬೆರಳು ತೂರುವಷ್ಟು ಸಂದಿರಲಿಲ್ಲ. "ಅಲ್ಲಿಗೆ ಇರುವೆ ಹೇಗೆ ಹೋಗುತ್ತೆ? ಒಣಗ್ತಾ ಇದೆಯಲ್ಲ, ಹಾಗನ್ನಿಸುತ್ತೆ ಅಷ್ಟೆ," ಎಂದು ಮಕ್ಕಳಿಗೆ ಹೇಳುವಂತೆ ಹೇಳಿದಳು.

"ಇದೆ."

"ಸರಿ, ಮಲಗಿ."

ಅವಳು ಒಳಗೆ ಹೋದಳು. ಪಾತ್ರೆಯ ಸದ್ದು ಕೇಳಿಸಿತು. ಬದರೀನಾಥ ಉಸಿರು ನಿಲ್ಲಿಸಿ ಕಾದ. ಚರ್ಮಕ್ಕೂ ಗಾರೆಗೂ ನಡುವಿನ ಕತ್ತಲಲ್ಲಿ ಅದು ನಾಲ್ಕು ಹೆಜ್ಜೆ ಮೇಲೆ ಬಂತು, ಎರಡು ಹೆಜ್ಜೆ ಪಕ್ಕಕ್ಕೆ ಸರಿಯಿತು. ಆಮೇಲೆ, ಬಂದ ದಾರಿ ಯಾವುದೆಂದು ತನಗೂ ಮರೆತುಹೋದ ಹಾಗೆ, ಅಲ್ಲೇ ನಿಂತು ಸುತ್ತತೊಡಗಿತು.