ಕೊಳಕ್ಕೆ ಬಿಟ್ಟ ನೀರು

"ನೀರಿಗೆ ಏನ್ ಹಾಕ್ದೆ, ಅತ್ತಿಗೆ?"

ಹೀರೆಬಳ್ಳಿಗೆ ಕೋಲು ಕಟ್ಟುತ್ತಿದ್ದ ಕದಿರಮ್ಮ ತಿರುಗಿ ನೋಡಿದಳು. ಕಾಂಪೌಂಡಿನಾಚೆ ಮೈದುನ ಮೋಹನ್‌ಬಾಬು ಪ್ಯಾಂಟು ಮಂಡಿಯವರೆಗೆ ಮಡಚಿಕೊಂಡು ನಿಂತಿದ್ದ. ಅವನ ಹಿಂದೆ, ಹೊಸ ಮನೆಯ ಹಿತ್ತಿಲಲ್ಲಿ, ನೀಲಿ ಟೈಲ್ಸ್ ಹಾಕಿಸಿದ ಈಜುಕೊಳ. ನಿನ್ನೆ ಸಂಜೆ ತಳ ಕಾಣುವಷ್ಟು ತಿಳಿಯಾಗಿದ್ದ ನೀರು ಬೆಳಗಾಗುವಷ್ಟರಲ್ಲಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು.

"ನಾನ್ಯಾಕಪ್ಪ ಹಾಕ್ಲಿ?"

"ನೀನಲ್ದೆ ಇನ್ಯಾರು? ಆ ನೀರು ನಿಂಗೆ ದಕ್ಕಲ್ಲ ಅಂತ ಅವತ್ತು ನೀನೇ ಅಂದಿದ್ದೆ."

ಅಂದದ್ದು ನಿಜ. ನಂದಿ ಊರಿನಲ್ಲಿ ಆ ಮನೆತನಕ್ಕಿದ್ದದ್ದು ಒಂದೇ ಬೋರ್‌ವೆಲ್, ಪಾಲಾದಾಗ ಅದು ಅಣ್ಣ ರಾಮಾಂಜಿನಪ್ಪನ ಕಡೆಗೆ ಬಂದಿತ್ತು. ಹೂಕೋಸು ಗಡ್ಡೆ ಕಟ್ಟುವ ಹೊತ್ತಿನಲ್ಲಿ ಗಂಡ ಆ ನೀರನ್ನೆಲ್ಲ ತಮ್ಮನ ಕೊಳಕ್ಕೆ ತಿರುಗಿಸಿದ್ದು ಕಂಡು, ಹೊಟ್ಟೆಯುರಿದು, ಕದಿರಮ್ಮನ ಬಾಯಲ್ಲಿ ಆ ಮಾತು ಬಂದಿತ್ತು. ಅತ್ತೆ ತೀರಿಕೊಂಡಾಗ ಮೋಹನನಿಗೆ ಹಾಲುಹಲ್ಲೂ ಬಿದ್ದಿರಲಿಲ್ಲ. ತುತ್ತು ಕೊಟ್ಟು ಬೆಳೆಸಿದವಳು ಅವಳೇ. ಬೈಯುವ ಹಕ್ಕೂ ತನ್ನದೇ ಅಂದುಕೊಂಡಿದ್ದಳು.

"ಬೈದೆ ಕಣೋ. ಬೈಯೋದು ಬೇರೆ, ಕಂಡೋರ ನೀರು ಕೆಡಿಸೋದು ಬೇರೆ."

"ಸಾಕು. ಇನ್ಮೇಲೆ ನನ್ನ ಮಕ್ಕಳು ನಿಮ್ಮನೆ ಹೊಸ್ಲು ತುಳಿಯಲ್ಲ."

ಅಡುಗೆಮನೆಯಲ್ಲಿ ನಿಂತು ಕೇಳುತ್ತಿದ್ದ ಅವನ ಹೆಂಡತಿ ಮೌನಿಕಾ ಕಿಟಕಿ ಮುಚ್ಚಿಕೊಂಡಳು.

ಮಧ್ಯಾಹ್ನ ರಾಮಾಂಜಿನಪ್ಪ ಮುದ್ದೆ ಮುರಿಯುತ್ತ, ತಲೆಯೆತ್ತದೆ ಕೇಳಿದ. "ನಿಜ ಹೇಳು. ಸಿಟ್ಟಲ್ಲಿ ಏನಾದ್ರೂ ಸುರಿದ್ಯಾ?"

ಸಾರು ಬಡಿಸಲು ಎತ್ತಿದ ಸೌಟನ್ನು ಕದಿರಮ್ಮ ಪಾತ್ರೆಗೇ ಹಾಕಿದಳು. ಮೈದುನನ ಮಾತು ಕಿವಿಗೆ ಬಿದ್ದಿತ್ತು, ಇದು ಎದೆಗೇ ಬಿತ್ತು.

"ಸುರಿಯೋದಿದ್ರೆ ಅವನ ಕಣ್ಮುಂದೇನೇ ಸುರೀತಿದ್ದೆ," ಅಂದು ಎದ್ದು ಹೋದಳು. ಅವನು ತಾನೇ ಬಡಿಸಿಕೊಂಡು ಉಂಡ.

ಮರುದಿನ ಕೊಳ ಕಟ್ಟಿದ ಕಂಪನಿಯ ಚನ್ನಕೇಶವ ಬಂದ. ಜೀಪಿನ ಸದ್ದು ಕೇಳಿದ್ದೇ ತಡ, ಕದಿರಮ್ಮ ಯಾರೂ ಕರೆಯದೆ ಗೇಟು ತಳ್ಳಿಕೊಂಡು ಒಳಗೆ ಹೋಗಿ ನಿಂತಳು. ಅವನು ಬೋರಿನ ಪೈಪಿನಿಂದಲೇ ಒಂದು ಬಕೆಟ್ ನೀರು ಹಿಡಿದು, ಬಿಳಿ ಕ್ಲೋರಿನ್ ಪುಡಿ ಚಿಟಿಕೆ ಉದುರಿಸಿ ಕಲಕಿದ. ಗಾಜಿನಂತಿದ್ದ ನೀರು ನೋಡುತ್ತಿದ್ದಂತೆ ಕೆಂಪಗಾಯಿತು.

"ಯಾರೂ ಏನೂ ಹಾಕಿಲ್ಲ ಸಾರ್. ಬೋರ್ ನೀರಲ್ಲಿ ಕಬ್ಬಿಣ ಇದೆ. ನೀವು ಕ್ಲೋರಿನ್ ಸುರಿದ್ರಲ್ಲ, ತುಕ್ಕು ಬಿಟ್ಕೊಂಡಿದೆ. ತುಂಬೋ ಮುಂಚೆ ನಾವೂ ನೀರು ಟೆಸ್ಟ್ ಮಾಡ್ಬೇಕಿತ್ತು, ಮಾಡ್ಲಿಲ್ಲ. ಔಷಧಿ ಹಾಕಿ ಕೆಸರು ತಳಕ್ಕೆ ಕೂರಿಸಿ ಹೊರಗೆ ಎಳೀತೀನಿ. ಅದ್ರ ಜೊತೆ ಅರ್ಧ ನೀರು ಹೋಗುತ್ತೆ. ಆಮೇಲೆ ಇದೇ ನೀರು ಫಿಲ್ಟರ್ ಮಾಡ್ಕೊಂಡು ಬಿಡಿ, ಏನೂ ಆಗಲ್ಲ."

ಮೋಹನ್‌ಬಾಬು ಬಕೆಟ್ಟನ್ನೇ ನೋಡುತ್ತಿದ್ದ. ಅತ್ತಿಗೆಯ ಮುಖ ನೋಡಲಿಲ್ಲ.

"ಹಾಳು ನೀರು," ಅಂದ. "ಇಷ್ಟು ವರ್ಷ ಇದನ್ನೇ ಕುಡಿಸಿದ್ರಿ ನಂಗೆ."

ಕದಿರಮ್ಮ ಇನ್ನೂ ಸ್ವಲ್ಪ ಹೊತ್ತು ನಿಂತಳು, ಇನ್ನೊಂದು ಮಾತು ಬರಬಹುದೆಂದು. ಅವನು ಫೋನು ಕಿವಿಗಿಟ್ಟುಕೊಂಡು ಆಚೆ ನಡೆದ. ಅವಳು ನೇರ ಮೋಟಾರು ಮನೆಗೆ ಹೋಗಿ ಫ್ಯೂಸುಗಳನ್ನು ಕಿತ್ತು ಸೆರಗಿಗೆ ಕಟ್ಟಿಕೊಂಡಳು. ಕೋಸಿಗೆ ನೀರು ಹಾಯಿಸುವಾಗ ತಾನೇ ಸಿಕ್ಕಿಸಿ, ಮುಗಿದ ಮೇಲೆ ಮತ್ತೆ ಕಿತ್ತುಕೊಳ್ಳುತ್ತಿದ್ದಳು.

"ಅವನ ಪೂಲು ಅರ್ಧ ಖಾಲಿಯಾಗಿದೆ, ಫ್ಯೂಸು ಕೊಡೇ," ಅಂದ ಒಂದು ದಿನ ರಾಮಾಂಜಿನಪ್ಪ.

"ಅವನೇ ಬಂದು ಕೇಳ್ಲಿ. ತಪ್ಪಾಯ್ತು ಅನ್ನೋದೂ ಬೇಡ. ಅತ್ತಿಗೆ, ನೀರು ಬಿಡು ಅಂದ್ರೆ ಸಾಕು."

"ಚಿಕ್ಕೋನು. ಬಿಟ್ಟಾಕು."

"ನೀವು ಚಿಕ್ಕೋರಲ್ವಲ್ಲ. ನೀವೂ ಕೇಳಿದ್ರಿ, ಸುರಿದ್ಯಾ ಅಂತ."

ರಾಮಾಂಜಿನಪ್ಪ ಟವಲ್ಲು ಹೆಗಲಿಗೆ ಹಾಕಿಕೊಂಡು ಹೊರಗೆ ಹೋದ.

ಆ ಸಂಜೆ ಬೀದಿಯಲ್ಲಿ ಟ್ರ್ಯಾಕ್ಟರಿನ ಸದ್ದಾಯಿತು. ಕದಿರಮ್ಮ ಜಗುಲಿಗೆ ಬಂದಳು. ನೀರಿನ ಟ್ಯಾಂಕರು. ಮೋಹನ್‌ಬಾಬು ಮುಂದೆ ನಿಂತು, ಅವಳ ಮನೆಯ ಕಡೆ ಬೆನ್ನು ಹಾಕಿ, "ಬರ್ಲಿ, ಬರ್ಲಿ" ಎಂದು ಕೈಯಾಡಿಸುತ್ತ ಅದನ್ನು ತನ್ನ ಗೇಟಿನೊಳಕ್ಕೆ ಬಿಟ್ಟುಕೊಂಡ. ಅದರ ಹಿಂದೆಯೇ ಇನ್ನೊಂದು ಬಂತು. ನಲ್ಲಿ ಸರಿಯಾಗಿ ಮುಚ್ಚಿರಲಿಲ್ಲವೇನೋ, ಬೀದಿಯ ತುದಿಯಿಂದ ಅವನ ಗೇಟಿನವರೆಗೆ ಮಣ್ಣಿನ ಮೇಲೆ ನೀರಿನ ಗೆರೆ ಎಳೆದಿತ್ತು. ಎದುರುಮನೆಯ ಕೋಳಿಗಳು ಬಂದು ಅದರುದ್ದಕ್ಕೂ ಕೊಕ್ಕು ಅದ್ದಿ ಅದ್ದಿ ಕತ್ತೆತ್ತಿ ಕುಡಿಯತೊಡಗಿದವು.