ಗೌಸಸಾಬರ ಮೂರು ಬೆರಳು

ಆಫೀಸಿನ ಸ್ಟೀಲ್ ಅಳತೆಪಟ್ಟಿಯನ್ನು ಹೊಳೆದಂಡೆಯವರು ನಂಬಲಿಲ್ಲ. ಮೀನುಗಾರಿಕೆ ಇಲಾಖೆಯ ಅಧಿಕಾರಿಯಾಗಿ ಕಾಗವಾಡ ತಾಲೂಕಿಗೆ, ತನ್ನ ಸ್ವಂತ ಊರಿಗೇ ಬಂದ ಯಾಸ್ಮಿನ, ಮರಿಮೀನು ಸಿಕ್ಕಿಬೀಳುವಂಥ ಸಣ್ಣ ಕಣ್ಣಿನ ಬಲೆ ಬೇಡವೆಂದು ಮೂರು ವರ್ಷ ಗಂಟಲು ಹರಿದುಕೊಂಡಿದ್ದಳು. ಕೊನೆಗೆ ಮೀನುಗಾರರ ಸಂಘ ಒಪ್ಪಿತು, ಆದರೆ ಅಳತೆ ಮಾತ್ರ ಅವರದೇ. ಗೌಸಸಾಬರ ಮೂರು ಬೆರಳು ಜೋಡಿಸಿ ಬಲೆಯ ಕಣ್ಣಿಗೆ ತೂರಿಸಬೇಕು. ತೂರಿದರೆ ಪಾಸು, ಇಲ್ಲದಿದ್ದರೆ ಅಲ್ಲೇ ಕತ್ತರಿ. ಐವತ್ತು ವರ್ಷ ಕೃಷ್ಣೆಯಲ್ಲಿ ಬಲೆ ಬೀಸಿದ ಕೈ ಅದು. ಇಲಾಖೆಯ ಅಳತೆಗಿಂತ ಆ ಮೂರು ಬೆರಳೇ ಒಂದು ನೂಲು ದಪ್ಪ. ಯಾಸ್ಮಿನ ಒಳಗೊಳಗೇ ನಕ್ಕು ಸಹಿ ಹಾಕಿದ್ದಳು. ಗೌಸಸಾಬರು ಅವಳ ತಂದೆ.

ಮಳೆಗಾಲಕ್ಕೆ ಮುಂಚೆ ಒಂದು ಮುಂಜಾನೆ ಹೊಳೆಯ ಘಾಟಿನಲ್ಲಿ ತಪಾಸಣೆ ನಡೆಯಿತು. ಮೂವತ್ತು ಬಲೆಗಳಲ್ಲಿ ಎಂಟು ಕತ್ತರಿಗೆ ಹೋದವು, ತರುಣ ಮೀನುಗಾರ ಹಾಲೇಶನ ಹೊಚ್ಚ ಹೊಸ ಬಲೆಯೂ ಸೇರಿ. ಗೌಸಸಾಬರು ಕೈ ಝಾಡಿಸಿ, ಕೆಲಸ ಮುಗಿಯಿತೆಂದು ಗತ್ತಿನಿಂದ ಎದ್ದರು.

"ಕಾಕಾರ ಬಲೀ ಯಾರ ಅಳ್ಯಾವ್ರು?" ಹಾಲೇಶ ಕೇಳಿದ.

ಅದನ್ನು ಸಂಘದ ಠರಾವಿನಲ್ಲಿ ಬರೆಯಲು ಎಲ್ಲರೂ ಮರೆತಿದ್ದರು. ಅಳೆಯುವವನ ಬಲೆಯನ್ನೂ ಅಳೆಯಬೇಕೆಂದು ಯಾರಿಗೂ ಹೊಳೆದಿರಲಿಲ್ಲ, ಗೌಸಸಾಬರಿಗಂತೂ ಮೊದಲೇ ಇಲ್ಲ.

ಆ ಬಲೆಯನ್ನು ಯಾಸ್ಮಿನಳ ತಾಯಿ ಸರ್ವರಬಿ ಎರಡು ಮಳೆಗಾಲ ಕೂತು ಹೆಣೆದಿದ್ದಳು. ಅದು ಹಿಡಿದ ಮೀನಿನಿಂದಲೇ ಯಾಸ್ಮಿನ ಓದಿ ಅಧಿಕಾರಿಯಾದದ್ದು. ಅದರ ಕಣ್ಣು ಎಷ್ಟು ಸಣ್ಣದೆಂದು ಅವಳಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಈಗ ಸುಮ್ಮನಾದರೆ ನಾಳೆ ಮನೆಮನೆಯಿಂದ ಹಳೇ ಬಲೆ ಹೊರಬರುತ್ತದೆ, ಮೂರು ವರ್ಷದ ದುಡಿಮೆ ಹೊಳೆಪಾಲಾಗುತ್ತದೆ.

"ಅಬ್ಬಾ, ನಿಮ್ಮ ಬಲೀ ತರ್ರಿ," ಎಂದಳು.

"ನಿಮ್ಮ ಅಮ್ಮಿ ಹೆಣದದ್ದ ಅದು."

"ಗೊತ್ತೈತ್ರಿ. ತರ್ರಿ."

ಗೌಸಸಾಬರು ದೋಣಿಗೆ ಹೋಗಿ ಬಲೆ ಹೊತ್ತು ತಂದು, ಎಲ್ಲರ ನಡುವೆ ಕೂತು ಬೆರಳು ತೂರಿಸಿದರು. ಎರಡು ಹೋದವು. ಮೂರನೆಯದು ಗೆಣ್ಣಿಗೇ ನಿಂತಿತು. ಬೆರಳನ್ನು ಒಂಚೂರು ಮಡಚಿ ತೂರಿಸುವುದು ಅವರಿಗೆ ಎಡಗೈ ಕೆಲಸ. ಅವರು ಮಡಚಲಿಲ್ಲ.

"ಹೋಗವಲ್ದು. ಬರಕೋ," ಎಂದರು.

ಯಾಸ್ಮಿನ ಹೆಸರು ಬರೆದಳು, ಕತ್ತರಿ ತೆಗೆದುಕೊಂಡಳು. ಅದನ್ನು ಬಲೆಯ ಅಂಚಿಗೆ ಇಟ್ಟಳು. ಗೌಸಸಾಬರು ಎರಡೂ ಕೈಯಿಂದ ಬಲೆಯನ್ನು ಬಿಗಿಯಾಗಿ ಹಿಡಿದುಕೊಟ್ಟರು.

"ಅಂಚಿಗೆ ಬ್ಯಾಡ. ಅಂಚಿಗೆ ಕತ್ತರಿಸಿದ್ರ ಮತ್ತ ಕಟ್ಕೋಬಹುದು. ನಡುವ ಕತ್ತರಸು."

ಅವಳು ನಡುವೆ ಕತ್ತರಿಸಿದಳು. ಹಾಲೇಶ ತಲೆ ತಗ್ಗಿಸಿ ಕತ್ತರಿ ಬಿದ್ದ ತನ್ನ ಬಲೆಯನ್ನು ಮಡಚತೊಡಗಿದ.

ತಾನು ಮಾಡಿದ್ದು ಸರಿಯೆಂದು ಗೊತ್ತಿದ್ದರೂ ಆ ವಾರವಿಡೀ ಯಾಸ್ಮಿನಳಿಗೆ ಒಳಗೆ ಚುಚ್ಚುತ್ತಲೇ ಇತ್ತು.

ವಾರ ಕಳೆದು ಶೇಡಬಾಳದ ಸಂತೆಯಲ್ಲಿ ಪರಿಚಿತ ದನಿ ಕೇಳಿ ಅವಳು ನಿಂತಳು. ಗೌಸಸಾಬರು ಉಳ್ಳಾಗಡ್ಡಿ ಅಂಗಡಿಯ ಮುಂದೆ ನಾಲ್ಕಾರು ಮಂದಿಯನ್ನು ಕೂಡಿಸಿಕೊಂಡಿದ್ದರು. ಮಗಳು ಕತ್ತರಿಸಿದ ಬಲೆಯ ತುಂಡಿಗೆ ಗಂಟು ಹಾಕಿ ಚೀಲ ಮಾಡಿಕೊಂಡಿದ್ದರು. ಆ ಚೀಲವನ್ನು ಎಲ್ಲರಿಗೂ ಕಾಣುವಂತೆ ಮೇಲೆತ್ತಿ ಹಿಡಿದಿದ್ದರು.

"ಮೂವತ್ತ ಬಲೀ ನಾ ಅಳದೆ. ನಂದು ಅಳಿಯಾಕ ಊರಾಗ ಯಾರಿಗೂ ಧೈರ್ಯ ಇರಲಿಲ್ಲ," ಎಂದರು. "ನನ್ನ ಮಗಳಿಗಿತ್ತು."