ಐನೂರು ವರ್ಷದ ಸವತಿ

ನನ್ನ ಸವತಿ ಸತ್ತು ಐನೂರು ವರ್ಷ ಕಳೆದಿದೆ. ಹೆಸರು ಮತ್ತೇಯೊ, ದೇಶ ಇಟಲಿ, ಗಡ್ಡವೂ ಇತ್ತು. ಆದರೂ ಅವನನ್ನು ಸವತಿ ಎಂದೇ ಕರೆಯುತ್ತೇನೆ. ನನ್ನ ಗಂಡ ಅಶ್ವತ್ಥ ಪೂರ್ತಿ ಅವನ ಕೈವಶ.

ಕೋವಿಡ್ ಕಳೆದು ವಾಷಿಂಗ್ಟನ್ನಿನ ಲೈಬ್ರರಿಗಳು ಬಾಗಿಲು ತೆರೆದ ವರ್ಷವೇ ಇವರು ರಿಟೈರ್ ಆದರು. ಅಲ್ಲಿನ ಪುಸ್ತಕಗಳಲ್ಲಿ ಸಿಕ್ಕಿದವನು ಈ ಮತ್ತೇಯೊ. ಮಠಗಳ ಕಪಾಟಿನಲ್ಲಿ ಹುಳ ತಿನ್ನುತ್ತಿದ್ದ ಲ್ಯಾಟಿನ್ ಗ್ರಂಥಗಳನ್ನು ಹುಡುಕಿ ನಕಲು ಮಾಡಿದವನಂತೆ. ಹಳೆಯದನ್ನು ಪೂಜಿಸಬೇಡಿ, ಪ್ರಶ್ನೆ ಕೇಳುತ್ತ ಓದಿ ಎಂದು ಕಲಿಸಿದವನಂತೆ. ಅವನ ಶಿಷ್ಯರು ಯುರೋಪಿನ ಪಾಠಶಾಲೆಗಳನ್ನೇ ಬದಲಾಯಿಸಿದರಂತೆ. ವಾಷಿಂಗ್ಟನ್ ಹತ್ತಿರದ ಎಲಿಕಾಟ್ ಸಿಟಿಯ ನಮ್ಮ ಮನೆಯಲ್ಲಿ ಊಟಕ್ಕೆ ಕೂತರೂ ಅವನದೇ ಮಾತು. ಹುಳಿಗೆ ಎರಡು ಸಲ ಉಪ್ಪು ಬಿದ್ದರೂ ಇವರಿಗೆ ಗೊತ್ತಾಗುತ್ತಿರಲಿಲ್ಲ. ನನಗೆ ಹೊಟ್ಟೆ ಉರಿಯುತ್ತಿತ್ತು. ಹೆಂಗಸಾಗಿದ್ದರೆ ಜಗಳವಾದರೂ ಆಡಬಹುದಿತ್ತು.

ಮತ್ತೇಯೊಗೆ ಒಂದು ಅಭ್ಯಾಸವಿತ್ತು: ತನಗಿಂತ ಸಾವಿರ ವರ್ಷ ಮುಂಚೆಯೇ ಸತ್ತ ರೋಮನ್ ಪಂಡಿತರಿಗೆ ಪತ್ರ ಬರೆಯುವುದು. ಇವರೂ ಅದನ್ನೇ ಹಿಡಿದರು. ಬೇಸ್‌ಮೆಂಟಿನಲ್ಲಿ ಕೂತು ಮತ್ತೇಯೊಗೆ ಕನ್ನಡದಲ್ಲಿ ಪತ್ರ! ಮೇಲೆ ಒಬ್ಬಳೇ ಟೀವಿ ನೋಡುವ ನನಗೆ ಒಂದು ಚೀಟಿಯೂ ಇಲ್ಲ.

ಹೋದ ಶನಿವಾರ ಇವರು ಲೈಬ್ರರಿಗೆ ಹೋದಾಗ ಬೇಸ್‌ಮೆಂಟಿಗಿಳಿದು ಇವರ ಮೇಜಿನ ಡ್ರಾಯರ್ ತೆಗೆದೆ. ಕದ್ದು ಓದುವುದು ತಪ್ಪೆಂದು ಗೊತ್ತು. ಓದಿದೆ. ಪ್ರತಿ ಪತ್ರವೂ "ನಾನು ಕ್ಷೇಮ, ನೀವೂ ಕ್ಷೇಮವೆಂದು ನಂಬಿರುವೆ" ಎಂದೇ ಶುರು. ಸತ್ತವನ ಕ್ಷೇಮ ವಿಚಾರಿಸುವ ಗಂಡನನ್ನು ನೆನೆದು ನಗು ಬಂತು. ಕೊನೆಯ ಪತ್ರ ಮೂರು ವಾರ ಹಳೆಯದು, ಅದು ಮಾತ್ರ ಹಾಗೆ ಶುರುವಾಗಿರಲಿಲ್ಲ.

"ಈ ಸಲ ಕ್ಷೇಮ ಎಂದು ಬರೆಯಲಾರೆ. ಬಯಾಪ್ಸಿ ರಿಪೋರ್ಟ್ ಬಂದಿದೆ. ಕ್ಯಾನ್ಸರ್. ತುಂಬಾ ಭಯವಾಗುತ್ತಿದೆ."

ಹೇಳಲು ನಾಚಿಕೆಯಾಗುತ್ತದೆ, ಆದರೆ ಮೊದಲು ಬಂದದ್ದು ಅಳುವಲ್ಲ, ಹೊಟ್ಟೆಕಿಚ್ಚು. ನನಗಿಂತ ಮುಂಚೆ ಅವನಿಗೆ ಗೊತ್ತಾಗಿತ್ತು.

ಸಂಜೆ ಇವರು ಬಂದಾಗ ಪತ್ರವನ್ನು ಮುಂದೆ ಹಿಡಿದೆ. "ನಂಗ್ಯಾಕೆ ಹೇಳ್ಲಿಲ್ಲ?"

ಶೂ ಬಿಚ್ಚುತ್ತಿದ್ದವರು ಹಾಗೇ ಕೂತುಬಿಟ್ಟರು. "ಹೇಳಿದ್ರೆ ನೀನು ಅಳ್ತೀಯ, ಜಾನಕಿ. ಅದನ್ನ ಹ್ಯಾಂಡಲ್ ಮಾಡೋಕೆ ನನ್ ಕೈಲಿ ಆಗಲ್ಲ."

"ಅದಕ್ಕೇ ಅಳದೇ ಇರೋನಿಗೆ ಹೇಳಿದ್ರಾ? ಅಳೋಳು ನಾನು ಮೇಲ್ಗಡೆನೇ ಇದ್ನಲ್ಲ, ರೀ!"

ನಾನು ಅತ್ತುಬಿಟ್ಟೆ. ಸ್ವಲ್ಪ ಹೊತ್ತಿಗೆ ನನ್ನ ಭುಜಕ್ಕೆ ಹಣೆಯಿಟ್ಟು ಇವರೂ ಅತ್ತರು. ಮದುವೆಯಾಗಿ ಮೂವತ್ತೆಂಟು ವರ್ಷದಲ್ಲಿ ಇವರು ಅಳುವುದನ್ನು ಕಂಡದ್ದು ಅದೇ ಮೊದಲು. ಇದನ್ನು ಮಾತ್ರ ಮತ್ತೇಯೊ ನೋಡಿರಲಿಲ್ಲ.